ತಳದ ಸದ್ದು

ಆಟೋ ಕಾಂಪ್ಲೆಕ್ಸಿಗೆ ಆ ಕೆಂಪು ಕಾರು ಬರುವುದು
ಏಡಿಯ ಹಾಗೆ, ಓರೆಯಾಗಿ.
ವಿನೋಬನಗರದ ಮನೆಯಿಂದ ನನ್ನ ಗ್ಯಾರೇಜಿಗೆ ಹದಿನಾಲ್ಕು ಹಂಪ್ಸು.
ಒಂದೊಂದರ ಮೇಲೂ ಒಂದು ಗಾಲಿ ಹತ್ತಿಸಿ, ಒಂದು ಇಳಿಸಿ
ಹೊಟ್ಟೆ ಉಳಿಸಿಕೊಂಡು ಬರಬೇಕು.
ಇನ್ನೂರೈವತ್ತರಲ್ಲಿ ಓಡಲು ಹುಟ್ಟಿದ ಗಾಡಿ.
ಹಿಂದೆ ಈರುಳ್ಳಿ ಹೇರಿದ ಲಗೇಜ್ ಆಟೋ
ಹಾರನ್ ಒತ್ತುತ್ತಲೇ ಇರುತ್ತದೆ.

ಡಾಕ್ಟರ್ ಸುಧನ್ವ ಅದರಿಂದ ಇಳಿಯುವುದೂ ಒಂದು ಕೆಲಸ:
ಮೊದಲು ಕಾಲು, ಆಮೇಲೆ ತಲೆ,
ಸೊಂಟ ಯಾವಾಗಲೂ ಕೊನೆಗೆ.
ಕಿವಿ ಮೂಗು ಗಂಟಲಿನ ಡಾಕ್ಟರು.
ಅರ್ಧ ಊರಿನ ಗುಗ್ಗೆ ತೆಗೆದ ದುಡ್ಡು
ಅವರ ಶೆಡ್ಡಿನಲ್ಲಿ ನಾಲ್ಕು ಕಾರಾಗಿ ನಿಂತಿದೆ,
ಹತ್ತೊಂಬತ್ತು ಬೇಸ್ ಗಿಟಾರಾಗಿ ಗೋಡೆಗೆ ನೇತಾಡುತ್ತಿದೆ.
ನುಡಿಸಲು ಬರುವುದಿಲ್ಲ. ಕೇಳಿದವರಿಗೆ
‘ಕಲೀತೀನಿ’ ಅನ್ನುತ್ತಾರೆ, ಹನ್ನೆರಡು ವರ್ಷದಿಂದ.

‘ಎಲ್ಲೋ ಜಿರ್ ಅಂತಿದೆ ಡಾಕ್ಟ್ರೇ’ ಅಂದವನು ನಾನೇ.
‘ಎಲ್ಲಿ?’ ಅಂದರು. ‘ನಂಗೇನೂ ಇಲ್ಲವಲ್ಲ.’
ಅಂದಿನಿಂದ ನನಗೆ ನಿದ್ದೆಯಿಲ್ಲ.
ಡ್ಯಾಶ್‌ಬೋರ್ಡ್ ಬಿಚ್ಚಿದೆ, ಬಾಗಿಲ ರಬ್ಬರು ಕಿತ್ತೆ,
ಸ್ಕ್ರೂಡ್ರೈವರಿನ ತುದಿ ಎಂಜಿನ್ನಿಗೆ, ಹಿಡಿ ಕಿವಿಗೆ,
ಮೂರು ತಿಂಗಳು.
ನಿಲ್ಲಿಸಿದರೆ ಇಲ್ಲ. ಓಡಿಸಿದರೆ ಇದೆ.
ಓಡಿಸುತ್ತ ಅಡಿಗೆ ನುಗ್ಗಿ ನೋಡುವುದು ಹೇಗೆ?

ಒಂದು ಸಂಜೆ ಬಾನೆಟ್ಟಿಗೆ ಒರಗಿ ಡಾಕ್ಟರೇ ಹೇಳಿದರು:
‘ಮೇಸ್ತ್ರಿ, ನನಗೆ ಮೇಲಿನ ಸದ್ದುಗಳು ಹೋಗಿವೆ.
ಕುಕ್ಕರಿನ ಸೀಟಿ, ಮೊಬೈಲಿನ ಟಿಣ್, ಜೀರುಂಡೆ.
ನಾನೇ ಟೆಸ್ಟ್ ಮಾಡಿಕೊಂಡೆ, ರಾತ್ರಿ, ಕ್ಲಿನಿಕ್ ಮುಚ್ಚಿದ ಮೇಲೆ.
ತಳದ್ದು ಮಾತ್ರ ಚೆನ್ನಾಗಿ ಉಳಿದಿದೆ.’
ನಾನು ಕೈಯ ಗ್ರೀಸ್ ಒರೆಸಿಕೊಂಡೆ.
ಹಾಗಾದರೆ ಇದು ಶೋಕಿಯಲ್ಲ.
ಉಳಿದ ಆಸ್ತಿಯನ್ನು ಒಂದು ಕಡೆ ಸೇರಿಸಿಡುತ್ತಿದ್ದಾರೆ.

ಆಷಾಢದಲ್ಲಿ ಭದ್ರಾವತಿಯಿಂದ ಸವರಿಮುತ್ತು ಬಂದ,
ಪ್ಲಾಸ್ಟಿಕ್ ಕವರಿನಲ್ಲಿ ಒಂದು ಬ್ರೆಡ್ಡು ಹಿಡಿದು.
ಹಗಲು ಕಬ್ಬಿಣದ ಕಾರ್ಖಾನೆ, ಭಾದ್ರಪದದ ರಾತ್ರಿಗಳಲ್ಲಿ ಆರ್ಕೆಸ್ಟ್ರಾ;
ಹಾಡುವವಳ ಹಿಂದೆ, ಸ್ಪೀಕರಿನ ಪಕ್ಕ ನಿಂತವನು.
ಯಾವ ಫೋಟೋದಲ್ಲೂ ಮೊಣಕೈಗಿಂತ ಹೆಚ್ಚು ಬಂದಿಲ್ಲ.
ಮಾರಿದ ಗಿಟಾರನ್ನು ಒಂದು ಸಲ ನೋಡಬೇಕಂತೆ,
ಅಷ್ಟೇ.

ಏಳನೆಯದು ಅವನದು. ತಲೆಯ ಹತ್ತಿರ
ಬೀಡಿ ಸುಟ್ಟ ಕಲೆ ಹಾಗೇ ಇತ್ತು.
ಬೆರಳಾಡುವ ಮರವನ್ನು ಮೂಸಿ ನೋಡಿದ.
‘ಬೆವರು ಒರೆಸ್ಬಿಟ್ಟಿದೀರ’ ಅಂದ.
ಡಾಕ್ಟರ ಮುಖ ಸಣ್ಣಗಾಯಿತು.

ಬಾರು ಹೆಗಲಿಗೆ ಹಾಕಿ
ಎಲ್ಲಕ್ಕಿಂತ ದಪ್ಪ ತಂತಿಯನ್ನು ಒಂದೇ ಸಲ ಮೀಟಿದ.
ಅದು ಕಿವಿಗೆ ಬರಲಿಲ್ಲ ಸ್ವಾಮಿ,
ಚಪ್ಪಲಿಯ ಅಡಿಯಿಂದ ಮಂಡಿಗೆ ಬಂತು.
ಗ್ಲಾಸಿನ ಟೀ ಸುಕ್ಕುಗಟ್ಟಿತು.
ಡಾಕ್ಟರು ಕಣ್ಣು ಮುಚ್ಚಿದ್ದರು.
ಆಗ, ಮೂಲೆಯಲ್ಲಿ ಸುಮ್ಮನೆ ನಿಂತಿದ್ದ ಕೆಂಪು ಕಾರು
ಓಗೊಟ್ಟಿತು:
ಜಿರ್ರ್.

‘ಇನ್ನೊಂದ್ಸಲ!’
ಕೂಗಿದವನು ನಾನು, ಆಗಲೇ ಕಾರಿನಡಿ ಅಂಗಾತ.
ಅವನು ಬೆರಳನ್ನು ಒಂದು ಮನೆ ಮೇಲೆ ಸರಿಸಿದ, ಮೌನ.
ಇನ್ನೊಂದು ಮನೆ, ಮೌನ.
ಮತ್ತೆ ಬಿಟ್ಟ ತಂತಿಗೆ ಬಂದ, ಜಿರ್ರ್.
ಹಿಡಿ ಅಲ್ಲೇ, ಅಲ್ಲೇ ಹಿಡಿ ಮುತ್ತಣ್ಣ!
ಸೈಲೆನ್ಸರಿನ ಮೇಲಿನ ತಗಡು, ಎಡ ಹಿಂಗಾಲಿನ ಒಳಗೆ,
ಹತ್ತನೇ ಸೈಜಿನ ಒಂದು ಬೋಲ್ಟು.
ಒಂದೂವರೆ ಸುತ್ತು.

ಬಿಲ್ ಮಾಡಲು ನನಗೆ ನಾಚಿಕೆಯಾಯಿತು.
ಗಿಟಾರು ತಗೊಂಡು ಹೋಗು ಅಂದರು ಡಾಕ್ಟರು.
‘ಎಲ್ಲಿಡ್ಲಿ ಸಾರ್, ಕ್ವಾರ್ಟರ್ಸಲ್ಲಿ ಮಂಚದ ಕೆಳಗೂ ಅಕ್ಕಿ ಚೀಲ.
ಇಲ್ಲೇ ಇರ್ಲಿ. ಆದ್ರೆ ಒರೆಸ್ಬೇಡಿ.’

ವಾಪಸು ಹೋಗುವಾಗ ಡಾಕ್ಟರು ಗಾಜು ಇಳಿಸಿ ಕೇಳಿದರು:
‘ಈಗ ಇಲ್ಲ ತಾನೇ?’
‘ಇಲ್ಲ’ ಅಂದೆ. ನಂಬಿ ಹೋದರು,
ಮೊದಲ ಹಂಪ್ಸಿಗೆ ಓರೆಯಾಗಿ.

ಬರುವ ಸೋಮವಾರ ಹಳದಿ ಕಾರು ನೋಡಬೇಕು.
ಒಂಬತ್ತರ ಭದ್ರಾವತಿ ಬಸ್ಸಿಗೆ
ಸವರಿಮುತ್ತು ಬರುತ್ತಾನೆ.