ಹನ್ನೆರಡು ಫ್ರೇಮು

ಅರಸೀಕೆರೆ ಸ್ಟೇಷನ್ನಿನೆದುರು ಮಹಡಿ ಮೇಲೆ ನಮ್ಮ ಸ್ಟುಡಿಯೋ.
ಗೂಡ್ಸು ಬಂದರೆ ಮೌಸು
ತಾನೇ ಕೂದಲೆಳೆಯಷ್ಟು ಸರಿಯುತ್ತದೆ.

ಶಾಜಿಯಾ ಬಂದ ಮೊದಲ ವಾರವೇ ಹೇಳಿದ್ದೆ:
ಕರಗಿಸಬೇಕಾದರೆ ಮಿಕ್ಕಿರಬೇಕು, ತಾಯಿ.
ಈ ತುಣುಕಿನ ಬಾಲದಲ್ಲಿ ಹನ್ನೆರಡು ಫ್ರೇಮು,
ಆ ತುಣುಕಿನ ತಲೆಯಲ್ಲಿ ಹನ್ನೆರಡು,
ಯಾರಿಗೂ ತೋರಿಸದೆ ಇಟ್ಟುಕೊಂಡದ್ದು.
ಅಂಚಿನವರೆಗೂ ಖರ್ಚು ಮಾಡಿದವರಿಗೆ
ಡಿಸಾಲ್ವ್ ಸಿಗುವುದಿಲ್ಲ.
ನಕ್ಕಳು: ನಮ್ಮಮ್ಮ ಸಂಬಳದ ಬಗ್ಗೆ ಹೀಗೇ ಹೇಳೋದು, ಸರ್.

ಆಮೇಲೆ ಜಾವಗಲ್ಲಿನ ಸಿಂಚನಾಳ ಮದುವೆ.
ಮೂರು ಕ್ಯಾಮೆರಾ, ಒಂದು ಡ್ರೋನು.
ಅವಳಪ್ಪ ನಮ್ಮ ಬೆನ್ನ ಹಿಂದೆ ಕುರ್ಚಿ ಎಳೆದು ಕೂತು
ಪುಟ ಮಗುಚಬೇಕು, ಹೃದಯ ಅರಳಬೇಕು,
ಕೊಟ್ಟ ದುಡ್ಡಿಗೆ ಏನಾದರೂ ತಿರುಗಬೇಕಲ್ಲ, ಎಂದರು.
ತಿರುಗಿಸಿದೆವು.

ಧಾರೆಯ ಮೂರೂ ಕ್ಯಾಮೆರಾ ಸೇರಿ ಒಂದು ನೆಸ್ಟು,
ಅದೂ ಬೀಗರೂಟವೂ ಸೇರಿ ಇನ್ನೊಂದು.
ಶಾಜಿಯಾ ಹೆಸರಿಟ್ಟಳು:
ಗೂಡು, ಗೂಡಿನ ಗೂಡು, ಫೈನಲ್ ಗೂಡು.
ಹೊರಗಿಂದ ನೋಡಿದರೆ ಒಂದು ಹಸಿರು ಪಟ್ಟಿ, ಅಷ್ಟೆ.
ಒಳಗೆ ಕರೆಂಟು ಹೋದದ್ದು, ಸೋದರಮಾವ ಮುನಿಸಿಕೊಂಡದ್ದು,
ನೆಲದ ಮೇಲೆ ಮರೆತ ಕ್ಯಾಮೆರಾ ಹನ್ನೊಂದು ನಿಮಿಷ
ಬರೀ ಪಾದಗಳನ್ನು ನೋಡಿದ್ದು.

ಹದಿನಾಲ್ಕು ತಿಂಗಳಿಗೆ ಸಿಂಚನಾ ಒಬ್ಬಳೇ ಬಂದಳು,
ಮುಷ್ಟಿಯಲ್ಲಿ ಪೆನ್‌ಡ್ರೈವು.
ಅವನು ಬೇಡ ಸರ್. ಅಜ್ಜಿ ಬೇಕು.
ಅಜ್ಜಿ ಓಡಾಡೋದು ಇದೊಂದರಲ್ಲೇ ಇರೋದು.
ಎಷ್ಟಾಗುತ್ತೆ?

ಶಾಜಿಯಾ ಗೂಡಿನ ಮೇಲೆ ಎರಡು ಸಲ ಒತ್ತಿದಳು.
ಒಳಗೊಂದು ಗೂಡು. ಮತ್ತೆ ಒತ್ತಿದಳು.
ಆ ತಳದಲ್ಲಿ ಒಮ್ಮೆ ಕತ್ತರಿ ಆಡಿಸಿದರೆ
ಮೇಲಿನದೆಲ್ಲ ತಾನಾಗಿ ಬದಲಾಗುತ್ತದೆ,
ಟೀಸರು, ಪೂರ್ತಿ ಮದುವೆ,
ವಾಟ್ಸಾಪಿಗೆಂದು ಮಾಡಿದ ಮೂವತ್ತು ಸೆಕೆಂಡು ಕೂಡ.
ಮನೆಗಳಲ್ಲಿ ಹಾಗಾಗುವುದಿಲ್ಲ. ಅದು ಬೇರೆ ಮಾತು.

ಗಂಡು ಹೋದ. ಬಾಸಿಂಗ ಹೋಯಿತು.
ಸಪ್ತಪದಿಯಲ್ಲಿ ಅವಳೊಬ್ಬಳ ಕಾಲು ಮಾತ್ರ ಉಳಿಯಿತು,
ಅದನ್ನೂ ತೆಗೆದೆವು.
ಒಂದು ಕಡೆ ಮಾತ್ರ ಸಿಕ್ಕಿಕೊಂಡೆವು:
ಅವನ ಭುಜ ಕರಗಿ ಅಜ್ಜಿಯ ಹಣೆಯಾಗುವಲ್ಲಿ.
ಇಪ್ಪತ್ನಾಲ್ಕು ಫ್ರೇಮು.
ಶಲ್ಯದ ಜರಿಯಂಚು ಅವಳ ಸುಕ್ಕುಗಳ ಮೇಲೆ
ಮೆಲ್ಲಗೆ ಹಾದುಹೋಗುತ್ತದೆ.
ಆ ಡಿಸಾಲ್ವ್ ನಾನೇ ಹಾಕಿದ್ದು.
ಹಾಕಿದ ದಿನ ಟೀ ತರಿಸಿ ಕುಡಿದಿದ್ದೆ.

ತೆಗೆದರೆ ಅಜ್ಜಿನೂ ಸ್ವಲ್ಪ ಹೋಗ್ತಾರಲ್ಲ ಸರ್.
ಹೋಗಲ್ಲ. ಎಳಿ.
ತುಣುಕಿನ ಎಡದಂಚು ಹಿಡಿದು ಹಿಂದಕ್ಕೆ ಎಳೆದಳು.
ಹನ್ನೆರಡು. ಇಪ್ಪತ್ತು. ಎಂಬತ್ತು.
ಬರುತ್ತಲೇ ಇತ್ತು,
ಪೆಟ್ಟಿಗೆಯೊಳಗಿನ ಸೀರೆಯ, ನಾವ್ಯಾರೂ ಬಿಚ್ಚದ ಮಡಿಕೆ.

ಅಜ್ಜಿ ಎಲೆಯಡಿಕೆ ತಟ್ಟೆ ಕೆಳಗಿಟ್ಟು
ನೇರ ಕ್ಯಾಮೆರಾದ ಹತ್ತಿರ ಬರುತ್ತಾಳೆ,
ಫೋಕಸು ತಪ್ಪುವಷ್ಟು ಹತ್ತಿರ:
ಬೆಳಗಿಂದ ನಿಂತೇ ಇದೀಯಲ್ಲೋ ಮಗಾ, ಏನಾದ್ರೂ ತಿಂದ್ಯಾ?
ಕ್ಯಾಮೆರಾದ ಹಿಂದೆ ನಮ್ಮ ಹುಡುಗ ರಂಗಧಾಮ.
ಹೂಂ ಅನ್ನುತ್ತಾನೆ.
ಸುಳ್ಳು. ಅವತ್ತು ಊಟ ಸಿಕ್ಕಿರಲಿಲ್ಲ ಅವನಿಗೆ.

ಇನ್ನೊಂದ್ಸಲ ಹಾಕಿ, ಎಂದಳು ಸಿಂಚನಾ.
ಹುಬ್ಬಳ್ಳಿ ಗಾಡಿ ಬಂತು. ಮೌಸು ಸರಿಯಿತು.
ಇನ್ನೊಂದ್ಸಲ.

ಅಲ್ಲಿ ಏನೂ ಹಾಕಲಿಲ್ಲ, ಬರೀ ಕಟ್.
ಕತ್ತಲು, ಆಮೇಲೆ ಅಜ್ಜಿ.

ಶಾಜಿಯಾ ಬಿಲ್ ಬುಕ್ಕಿನಲ್ಲಿ ಬರೆದಳು:
ಪೆನ್‌ಡ್ರೈವ್ ಕಾಪಿ, ಇನ್ನೂರು ರೂಪಾಯಿ.