ಎಡಕ್ಕೆ ಬಿಗಿ

ಹನ್ನೆರಡು ಗೇರಿನಲ್ಲಿ ಹನ್ನೊಂದನ್ನು
ಉಪ್ಪು ಮೊದಲೇ ತಿಂದಿತ್ತು.
ನಾನು ಮಾಡಿದ್ದೇನೂ ಇಲ್ಲ,
ಉಂಡ ಎಲೆ ಎತ್ತಿದೆ, ಅಷ್ಟೆ.

ಅರ್ಗಾದಿಂದ ವಿಶಾಖಪಟ್ಟಣಕ್ಕೆ ವರ್ಗವಾದ
ಯಾವನೋ ನೌಕಾಪಡೆಯವನ ರೇಸ್ ಸೈಕಲ್ಲು.
ಮುಜಾವರನ ಗುಜರಿಯಲ್ಲಿ, ಮುರಿದ ಫ್ಯಾನುಗಳಡಿ
ಟಗರಿನ ಕೊಂಬಿನಂಥ ಹ್ಯಾಂಡಲ್ಲಷ್ಟೇ ಹೊರಗೆ ಚಾಚಿ ಮಲಗಿತ್ತು.
ತೂಗಿಯೇ ಕೊಟ್ಟ: ಹನ್ನೊಂದೂವರೆ ಕಿಲೋ.
ಟೈರಿನಲ್ಲಿ ಗಾಳಿಯಿಲ್ಲವಲ್ಲೋ ಅಂದರೆ
ಅಷ್ಟು ಹಗುರ, ನಿನಗೇ ಲಾಭ ಅಂದ.

ಬೈತಖೋಲಿನ ಐಸ್ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ ನನ್ನದು.
ಕಂಪ್ರೆಸರಿನ ಮುಳ್ಳು ಕೆಂಪು ಗೆರೆ ದಾಟದಂತೆ ಕಾಯುವುದು.
ಮುಳ್ಳು ದಾಟುವುದಿಲ್ಲ.
ಹಾಗಾಗಿ ಗೋಣಿ ಹಾಸಿ
ಸೈಕಲ್ಲನ್ನು ಅಂಗಾತ ಮಲಗಿಸಿ ಬಿಚ್ಚಿದೆ.

ಹಿಂದಿನ ಡಿರೇಲರು ಸತ್ತ ಏಡಿಯ ಹಾಗೆ
ಕಾಲು ಮಡಚಿಕೊಂಡೇ ಕೈಗೆ ಬಂತು.
ಕೇಬಲ್ಲು ಎಳೆದರೆ ಪುಡಿ.
ಸನ್ನೆ, ಸ್ಪ್ರಿಂಗು, ಹೆಸರು ಗೊತ್ತಿಲ್ಲದ ಒಂದು ತಿರುಪು
ಎಲ್ಲ ಬಂಗಡೆಯ ಹಳೇ ಟಬ್ಬಿಗೆ.
ಫ್ರೀವೀಲಿಗೆ ಮಾತ್ರ ಇಬ್ಬರು ಬೇಕಾದರು.
ಐಸ್ ಒಡೆಯುವ ಪರಮೇಶ ಪಾನಾಕ್ಕೆ ಪೈಪು ತೂರಿಸಿ ಜೋತ.
ಕಳಚಿ ನೆಲಕ್ಕೆ ಬಿದ್ದು
ಟಿಕ್ ಎಂದು ಒಂದೇ ಸಲ ಮಾತಾಡಿತು.

ಹದಿನೇಳು ಹಲ್ಲಿನ ಚಕ್ರವನ್ನು ಇನಾಸ್ ಕಡೆದುಕೊಟ್ಟ,
ಟ್ರಾಲರಿನ ವಿಂಚಿಗೆ ಹಲ್ಲು ಕಡೆಯುವ ಲೇತಿನಲ್ಲೇ.
ಹಬ್ಬಿಗೂ ಎಡಸುತ್ತು ಕೊರೆದ.
"ಬಲೆ ಕಟ್ಟಿದ್ರೂ ಎಳೀತದೆ ನೋಡು."
ಮುಂದಿನದೂ ಹಿಂದಿನದೂ ಒಂದೇ ಗೆರೆಗೆ ಬರಬೇಕು.
ಗಾಳದ ದಾರ ಹಿಡಿದು, ಒಂದು ಕಣ್ಣು ಮುಚ್ಚಿದೆ:
ಎರಡು ನೂಲು ಆಚೆ.
ವಾಷರು ಹಾಕಿದೆ: ಅರ್ಧ ನೂಲು ಈಚೆ.
ಹೀಗೇ ಮೂರು ರಾತ್ರಿ.

ಕೊನೆಗೆ ಲಾಕ್‌ರಿಂಗು.
ನಾನು ಕಂಡ ತಿರುಪೆಲ್ಲ ಬಲಕ್ಕೆ ಬಿಗಿ,
ಇದೊಂದು ಎಡಕ್ಕೆ.
ನಲವತ್ತೊಂದು ವರ್ಷದ ಮಣಿಕಟ್ಟು ನಂಬಲಿಲ್ಲ.
ಬಿಗಿಯುತ್ತಿದ್ದೇನೆ ಅಂದುಕೊಂಡು
ಎರಡು ಸಲ ಬಿಚ್ಚಿದೆ.

ಬೆಳಗ್ಗೆ ಆರಕ್ಕೆ ಹತ್ತಿದೆ.
ಮುಂದೊಂದು ಬ್ರೇಕು ಉಳಿಸಿಕೊಂಡಿದ್ದೆ, ಹೆದರಿಕೆಗೆ.
ಇದರ ಮೇಲೆ ಸುಮ್ಮನೆ ಕೂರಲಾಗದು,
ಗಾಲಿ ತಿರುಗುವಷ್ಟು ಹೊತ್ತೂ ಕಾಲು ತಿರುಗಬೇಕು
ಎಂದು ಗೊತ್ತಿತ್ತು. ಗೊತ್ತಿದ್ದದ್ದು ತಲೆಗೆ.
ಫ್ಲೈಓವರ್ ಇಳಿಯುವಾಗ ಕಾಲು ಹಳೇ ಅಭ್ಯಾಸಕ್ಕೆ ನಿಂತಿತು,
ಪೆಡಲು ನಿಲ್ಲಲಿಲ್ಲ.
ಮೊಣಕಾಲು ಹಿಡಿದು ಎತ್ತಿಹಾಕಿತು ನನ್ನನ್ನು.
ಬಾಯಿಗೆ ಬಂದ ಬೈಗುಳ ಅಪ್ಪಟ ಕೊಂಕಣಿ.

ಕೋಡಿಬಾಗದ ತಿರುವಿನಲ್ಲಿ ಹಮ್ಮಣ್ಣ ಬಲೆ ಹೆಣೆಯುತ್ತಾನೆ.
ಕಣ್ಣು ಹೋಗಿ ಎಂಟು ಮಳೆಗಾಲ.
ದಾರಿಯ ಸೈಕಲ್ಲುಗಳೆಲ್ಲ ಅವನಿಗೆ ಫ್ರೀವೀಲಿನ ಸದ್ದಿನಲ್ಲೇ ಪರಿಚಯ:
ಚಿಟಿಚಿಟಿ ಎಂದರೆ ಹಾಲಿನ ಸಾವಂತ,
ನಿಧಾನಕ್ಕೆ ಟಕ್ಕು ಟಕ್ಕು, ಪೂಜೆಗೆ ಹೊರಟ ರೋಝಾಲಿನ್ ಬಾಯಿ,
ನಡುವೆ ಒಂದು ಸದ್ದು ತಪ್ಪಿಸುವುದು ನನ್ನ ಹಳೆಯದು.
"ಬಂದ್ಯಾ ಉಮಾಕಾಂತ? ಐಸು ಕರಗ್ಲಿಲ್ವಾ?"
ಪ್ರತಿದಿನ ಅದೇ ಮಾತು.
ಪ್ರತಿದಿನ ನಾನೂ ಒಂದು ಗಂಟೆ ಬಾರಿಸಿ
ಕಾಲಾಡಿಸದೆ ಜಾರಿ ಹೋಗುತ್ತಿದ್ದೆ.

ಇವತ್ತು ಅವನ ಮುಖ ರಸ್ತೆಗೇ ಇತ್ತು.
ಕೈ ಗಂಟಿನಿಂದ ಗಂಟಿಗೆ ಹೋಗುತ್ತಲೇ ಇತ್ತು.
ನಾನು ದಾಟಿದ್ದು
ಅವನ ಬೆಳಗಿನೊಳಗೆ ಬರಲೇ ಇಲ್ಲ.

ನಿಲ್ಲಿಸಲು ಕಾಲನ್ನು ಹಿಂದಕ್ಕೆ ಒತ್ತಿದೆ.
ಗೂಡಂಗಡಿ ದಾಟಿ, ನಲ್ಲಿ ದಾಟಿ
ಎಲ್ಲೋ ಆಚೆ ನಿಂತಿತು. ತಳ್ಳಿಕೊಂಡು ವಾಪಸು ಬಂದೆ.

"ಯಾರು?"
"ನಾನು."
"ಊರ ಮಂದಿಯೆಲ್ಲಾ ನಾನೇ ಮಾರಾಯ."
ಹೆಸರು ಹೇಳಿದೆ. ಇಷ್ಟು ವರ್ಷದಲ್ಲಿ
ನಾನಾಗಿ ಅವನಿಗೆ ಹೇಳಿದ್ದು ಅದೇ ಮೊದಲು.

ಚೈನಿನ ಮೇಲೆ ಬೆರಳು ಓಡಿಸಿ ಹಲ್ಲು ಎಣಿಸಿದ, ಸರಿಯಾಗಿ ಹದಿನೇಳು.
ಗಾಲಿ ತಿರುಗಿಸಿದ, ಪೆಡಲು ಬಂದು ಮಣಿಕಟ್ಟಿಗೆ ಬಡಿಯಿತು.
"ಹೋ, ಸಿಟ್ಟಿನದ್ದು" ಎಂದು ನಕ್ಕು
ಬಲೆಯ ನೂಲಿನ ತುಂಡೊಂದನ್ನು ಕಡ್ಡಿಗೆ ಗಂಟು ಹಾಕಿದ.
ಅದು ಫೋರ್ಕಿಗೆ ತಾಗಿ ತಪ್ ತಪ್ ಅನ್ನುತ್ತಿತ್ತು.

ಸೇತುವೆ ಮುಟ್ಟುವ ಮೊದಲೇ ಕಳಚಿ ಬಿತ್ತು.

ಮರುದಿನ
ತಿರುವಿಗೆ ಮೂವತ್ತು ಮಾರು ಇರುವಾಗಲೇ
ಕಾಲು ಬಿಗಿಹಿಡಿಯಲು ಶುರುಮಾಡಿದೆ.