ಮೊಪೆಡ್ ಕಾಯುವವನ ವಿಮರ್ಶೆ

ಯಾವ ಸಿನಿಮಾ ಚೆನ್ನಾಗಿದೆ ಅಂತ
ನನ್ನನ್ನು ಕೇಳುತ್ತೀಯಲ್ಲ, ದ್ರಮಾನ್,
ಮೊದಲೇ ಹೇಳಿಬಿಡುತ್ತೇನೆ:
ನಾನು ನೋಡಿರುವುದೆಲ್ಲ ಅರ್ಧ.
ಕೊನೆಯ ಮೊಪೆಡ್ಡಿಗೆ ಚೀಟಿ ಕಟ್ಟಿ,
ಸಾಲಿಗೆಲ್ಲ ಸರಪಳಿ ಬಿಗಿದು,
ಹಿಂಬಾಗಿಲ ಕಬ್ಬಿಣದ ಸ್ಟೂಲಿಗೆ ಬರುವಷ್ಟರಲ್ಲಿ
ಯಾರೋ ಸತ್ತಿರುತ್ತಾರೆ, ಯಾರೋ ಸೇಡಿಗೆ ಹೊರಟಿರುತ್ತಾರೆ.
ಬೋಬೋ ಊರಿನ ಈ ಬಯಲು ಟಾಕೀಸಿನಲ್ಲಿ ಇಪ್ಪತ್ತೆರಡು ವರ್ಷ,
ಒಂದು ಕತೆಯ ತಲೆಯನ್ನೂ ಕಂಡವನಲ್ಲ. ಬರೀ ಬಾಲ.

ಯುದ್ಧದ ಸಿನಿಮಾ ನನಗೆ ಸೇರುವುದಿಲ್ಲ.
ಅಷ್ಟು ಗುಂಡು ಹಾರಿಸುತ್ತಾರೆ, ಅಷ್ಟು ಓಡುತ್ತಾರೆ,
ಒಬ್ಬನಿಗಾದರೂ ಬಾಯಾರಬೇಡವೆ?
ನಮ್ಮಣ್ಣ ಸೈನ್ಯದಲ್ಲಿದ್ದ. ರಜೆಗೆ ಬಂದಾಗಲೆಲ್ಲ
ಹೇಳುತ್ತಿದ್ದದ್ದು ಕಾಲಿನ ಗುಳ್ಳೆಯ ಕತೆ.

ಪ್ಯಾರಿಸ್ಸಿನದು ಒಂದು ಬಂದಿತ್ತು.
ಗಂಡ ಹೆಂಡತಿ ಅಡುಗೆಮನೆಯಲ್ಲಿ ಕೂತು
ಮಾತಾಡಿದರು, ಮಾತಾಡಿದರು, ಮಾತಾಡಿದರು.
ಒಲೆ ಮಾತ್ರ ಹಚ್ಚಲಿಲ್ಲ.
ಪಕ್ಕದಲ್ಲಿ ಕಡಲೆಕಾಯಿ ಮಾರುವ ಮಮುನಾ ಅಂದಳು:
ಇಬ್ಬರಿಗೂ ಹಸಿವು, ಅಷ್ಟೇ. ಉಂಡರೆ ಸರಿಹೋಗುತ್ತಾರೆ.
ಸನು ಮೇಷ್ಟ್ರು ಮಾತ್ರ ಬಹಳ ಆಳವಾಗಿದೆ ಎಂದರು.
ಆಳವೋ ಏನೋ. ನನಗೆ ನೀರು ಕಾಣಲಿಲ್ಲ.

ಹಿಂದಿಯದು ಬಂದರೆ ಗೋಡೆಯ ಮೇಲೂ ಜನ.
ಭಾಷೆ ಯಾರಿಗೂ ಬಾರದು; ಅಳು ಎಲ್ಲರಿಗೂ ಬರುತ್ತದೆ.
ತಾಯಿ ಕೈ ಚಾಚಿದಳು, ನಾನು ಮೂಗು ಒರೆಸಿಕೊಂಡೆ.
ಆಮೇಲೆ ತಿಳಿಯಿತು, ಅದು ನಗಿಸುವ ಸೀನಂತೆ.
ಇರಲಿ. ಅತ್ತದ್ದನ್ನು ವಾಪಸು ಪಡೆಯಲಾಗುತ್ತದೆಯೆ?

ಕುಂಗ್‌ಫೂ ಬಗ್ಗೆ ಹೇಳುವುದು ಇಷ್ಟೇ:
ಆಟ ಬಿಟ್ಟ ಮೇಲೆ ಒಡೆದ ಕನ್ನಡಿ, ಹದಿನಾಲ್ಕು.

ಬಹುಮಾನದ ಸಿನಿಮಾ ಕೂಡ ಬಂತು,
ನಮ್ಮ ಕಡೆಯ ಹಳ್ಳಿಯದೇ ಕತೆ.
ದೊಡ್ಡವರೆಲ್ಲ ಎದ್ದು ನಿಂತು ಚಪ್ಪಾಳೆ.
ನನ್ನ ಹೆಂಡತಿ ಟೆನೆ ತಲೆವಸ್ತ್ರ ಬಾಯಿಗೊತ್ತಿ ನಗುತ್ತಿದ್ದಳು:
ಅಯ್ಯೋ, ಅವಳು ಒನಕೆ ಹಿಡಿದದ್ದು ನೋಡಿ,
ಪೆನ್ನು ಹಿಡಿದ ಹಾಗೆ!
ನಿಜ. ಅದರಲ್ಲಿ ಕೆಲಸ ಬಲ್ಲದ್ದು ಕತ್ತೆಯೊಂದೇ.
ಆದರೂ ಸುಳ್ಳು ಹೇಳಬಾರದು,
ಮುದುಕ ಬಾಗಿಲಲ್ಲಿ ಸುಮ್ಮನೆ ಕೂತಿದ್ದನಲ್ಲ, ಅಷ್ಟು ಹೊತ್ತು,
ಅದು ನಮ್ಮೂರಿನ ಮಧ್ಯಾಹ್ನವೇ.
ನೊಣ ಕೂಡ ಸರಿಯಾಗಿತ್ತು.

ನಿನಗೊಂದು ಗುಟ್ಟು.
ಸಿನಿಮಾ ಹೇಗಿದೆ ಎಂದು ತಿಳಿಯಲು ಪರದೆ ನೋಡಬೇಕಿಲ್ಲ,
ಹೊರಗೆ ಬರುವವರನ್ನು ನೋಡು.
ಕೆಟ್ಟದ್ದಾದರೆ ಚೀಟಿ ಕೈಯಲ್ಲೇ ಸಿದ್ಧ, ಚಿಲ್ಲರೆಗೂ ಜಗಳ.
ಒಳ್ಳೆಯದಾದರೆ ಜೇಬು ಜೇಬು ತಡಕುತ್ತಾರೆ,
ಇನ್ನೊಬ್ಬನ ಗಾಡಿಗೆ ಕೀಲಿ ತುರುಕುತ್ತಾರೆ,
ಕಿಕ್ ಹೊಡೆಯುವುದನ್ನೂ ಮರೆತು
ಸೀಟಿನ ಮೇಲೆ ಹಾಗೇ ಒಂದು ಗಳಿಗೆ.

ಸೂಟ್‌ಕೇಸಿನದು ಹನ್ನೆರಡು ದಿನ ಓಡಿತು.
ಹನ್ನೊಂದು ರಾತ್ರಿ ನಾನು ಕಂಡದ್ದು ಕೊನೆಯೊಂದೇ:
ಒಬ್ಬ ಬಾವಿಯ ಹತ್ತಿರ ಬರುತ್ತಾನೆ,
ಸೂಟ್‌ಕೇಸು ಕೆಳಗಿಡುತ್ತಾನೆ,
ತೆರೆಯದೆ, ತಿರುಗಿ, ಬಂದ ದಾರಿಯಲ್ಲೇ ಹೋಗುತ್ತಾನೆ.
ಅದರೊಳಗೆ ನಾನು ಏನೇನು ಇಡಲಿಲ್ಲ!
ಒಂದು ರಾತ್ರಿ ತೀರಿಹೋದ ತಂಗಿಯ ಬಳೆ,
ಒಂದು ರಾತ್ರಿ ಬರೀ ಇಟ್ಟಿಗೆ,
ಹರ್ಮತ್ತಾನ್ ಬೀಸಿ ಪರದೆಯೆಲ್ಲ ಧೂಳಾದ ದಿನ
ಮಡಚಿಟ್ಟ ಒಂದು ಹಸಿರು ಹೊಲ.
ಹನ್ನೆರಡನೆಯ ದಿನ ಮಾಲೀಕರಿಗೆ ಏನನ್ನಿಸಿತೋ,
ಕುರ್ಚಿ ಕೊಟ್ಟು, ಮೊದಲಿಂದ ನೋಡಯ್ಯ ಎಂದರು.
ನೋಡಿದೆ. ಒಂದು ಕಿವಿ ಗಾಡಿಗಳ ಕಡೆಗೇ.

ದುಡ್ಡಂತೆ.
ಬ್ಯಾಂಕಿನ ದುಡ್ಡು.

ಆಮೇಲೆ ಯಾರು ಕರೆದರೂ ಒಳಗೆ ಕೂತಿಲ್ಲ.
ಇವತ್ತಿನದು ಗೊತ್ತಿಲ್ಲ. ಪೋಸ್ಟರಿನಲ್ಲಿ ಒಂದು ಹಡಗಿದೆ,
ಕೊಡೆ ಹಿಡಿದ ಹೆಂಗಸಿದ್ದಾಳೆ.
ನಮ್ಮೂರಿಗೆ ಕಡಲಿಲ್ಲ, ಅದಕ್ಕಾದರೂ ಹೋಗು.
ನೀಲಿ ಯಮಹಾ ತಾನೆ? ಇಗೋ ಚೀಟಿ, ನಲವತ್ತೊಂದು.
ಬಿಟ್ಟ ಮೇಲೆ ನನಗೆ ಕತೆ ಹೇಳಬೇಡ.
ಬರೀ ಬಾ,
ಜೇಬು ತಡಕುತ್ತೀಯೋ ಇಲ್ಲವೋ
ನಾನೇ ನೋಡಿಕೊಳ್ಳುತ್ತೇನೆ.